ತಡಮೆಯ ಬಳಿ ಕೇಳಿದ ಪ್ರಶ್ನೆಗೆ

ತಪಸ್ಸುಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನದ ಉಪವಾಸದ ಕಾಲ, ಸುರುವಾಗಿ ವಾರ ಕಳೆಯುವಷ್ಟರಲ್ಲಿ ಬೇಲಿಯಾಚೆಯಿಂದ ಪ್ರಶ್ನೆ ಬಂದೇ ಬರುತ್ತದೆ. “ಬಾಯಮ್ಮ, ನಿಮ್ಮಲ್ಲಿ ಈಗ ಕೋಳಿ ಪದಾರ್ಥ ಮಾಡುವುದಿಲ್ವಂತೆ, ಎಂತಕ್ಕೆ?” ಕೇಳಿದವರು ತಲೆಯ ಮೇಲೆ ಹುಲ್ಲಿನ ಕಟ್ಟ ಹೊತ್ತು, ತಡಮೆಯ (ಬೇಲಿ ದಾಟುವ ಮೆಟ್ಟಿಲಿನ) ಮೇಲೆ ಒಂದು ಕಾಲಿಟ್ಟು ನಿಂತಿರುತ್ತಾರೆ. ಅವರ ಹತ್ತಿರ ಇರುವುದು ಎರಡೇ ನಿಮಿಷ. “ಅದು ನಮ್ಮ ಉಪವಾಸ ಅಲ್ವಾ, ಹಾಗೆ” ಎಂದು ನಾವು ಮಾತು ಮುಗಿಸಿಬಿಡುತ್ತೇವೆ. ನಲವತ್ತು ದಿನ ಯಾರನ್ನು ನೆನೆದು ನಾಲಗೆ ಕಟ್ಟುತ್ತೇವೋ ಅವರ ಹೆಸರೇ ಬಾಯಿಗೆ ಬರುವುದಿಲ್ಲ.

ಕಾಸರಗೋಡಿನ ಬೇಳ, ಕುಂಬಳೆ, ಬದಿಯಡ್ಕ ಕಡೆಯ ಕಥೋಲಿಕ ಕ್ರೈಸ್ತ ಮನೆಗಳಲ್ಲಿ ಇದು ತಲೆಮಾರುಗಳಿಂದ ಬಂದ ಸಂಕೋಚ. ಬೇಳದ ವ್ಯಾಕುಲ ಮಾತೆಯ ಇಗರ್ಜಿ (ಚರ್ಚು) 1890ರದ್ದು. ಅಷ್ಟು ಕಾಲದಿಂದ ಭಟ್ಟರ, ಶೆಟ್ಟರ, ಪೂಜಾರಿಗಳ, ಬ್ಯಾರಿಗಳ ನೆರೆಯಲ್ಲಿ ಅಡಿಕೆ ಸುಲಿದು ಬದುಕಿದ್ದೇವೆ. ಅವರ ಮದುವೆಗೆ ಹೋಗುತ್ತೇವೆ, ಮರಣದ ಮನೆಗೆ ಹೋಗುತ್ತೇವೆ, ಬಾವಿಯ ಹಗ್ಗ ಕೇಳಿ ತರುತ್ತೇವೆ. ನಂಬಿಕೆಯ ಮಾತು ಮಾತ್ರ ಇಗರ್ಜಿಯ ಹೊಸ್ತಿಲೊಳಗೇ ಉಳಿದಿದೆ. ಆ ಸಂಕೋಚ ಬಿಡಿಸಿಕೊಳ್ಳಲು ನಮ್ಮ ವಾಳೆಯಲ್ಲಿ (ಇಗರ್ಜಿಗೆ ಸೇರಿದ ಹತ್ತಿರದ ಮನೆಗಳ ಗುಂಪಿನಲ್ಲಿ) ಮಾಡುತ್ತ ಬಂದ ಅಭ್ಯಾಸವನ್ನು ಇಲ್ಲಿ ಬರೆದಿದ್ದೇವೆ. ಬೀದಿಯಲ್ಲಿ ಮೈಕ್ ಹಿಡಿಯುವುದು, ಕರಪತ್ರ ಹಂಚುವುದು ಇದರಲ್ಲಿ ಇಲ್ಲ. ಬೈಬಲಿನಲ್ಲಿ ಪೇತ್ರರ ಮೊದಲ ಪತ್ರದ 3ನೇ ಅಧ್ಯಾಯದ 15ನೇ ವಚನ ನಮಗೆ ಆಧಾರ. ನಮ್ಮಲ್ಲಿರುವ ಭರವಸೆಗೆ ಕಾರಣ ಏನೆಂದು ಕೇಳಿದವರಿಗೆ ಉತ್ತರ ಹೇಳಲು ಸದಾ ತಯಾರಿರಬೇಕು, ಅದನ್ನು ಮೆದುವಾಗಿ, ಮರ್ಯಾದೆಯಿಂದ ಹೇಳಬೇಕು ಎಂಬುದು ಅದರ ಅರ್ಥ. ‘ಕೇಳಿದವರಿಗೆ’ ಎನ್ನುವಲ್ಲಿ ನಾವು ಅಡಿಗೆರೆ ಎಳೆದಿದ್ದೇವೆ.

ಮೊದಲ ತೊಡಕು ಭಾಷೆಯದ್ದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಥವಾ ಮಲಯಾಳ, ತೋಟದಲ್ಲಿ ತುಳು. ಪ್ರಾರ್ಥನೆ ಇರುವುದು ಕೊಂಕಣಿಯಲ್ಲಿ, ಕೇಳುವವರು ಇರುವುದು ಉಳಿದ ಮೂರರಲ್ಲಿ. ಹಾಗಾಗಿ ವಾರಕ್ಕೊಂದು ಸಂಜೆ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಅರ್ಧ ಗಂಟೆ ಕೂತು ಮಾಡುವ ಮೊದಲ ಕೆಲಸವೆಂದರೆ, ‘ಆಮ್ಚ್ಯಾ ಬಾಪಾ’ (ನಮ್ಮ ತಂದೆಯೇ) ಪ್ರಾರ್ಥನೆಯನ್ನು ಪುಸ್ತಕ ನೋಡದೆ ಆಡುಮಾತಿನ ಕನ್ನಡದಲ್ಲಿ ಹೇಳುವುದು, ಆಮೇಲೆ ತುಳುವಿನಲ್ಲಿ. ಮೂರನೇ ಸಾಲಿಗೆ ಬರುವಾಗ ಹೆಚ್ಚಿನವರು ನಿಲ್ಲುತ್ತಾರೆ. ದೇವರ ರಾಜ್ಯ ಬರಲಿ ಎಂದರೆ ಏನು ಬರಬೇಕು ಎಂದು ಅಲ್ಲಿಯವರೆಗೆ ಯೋಚಿಸಿರುವುದಿಲ್ಲ.

ಎರಡನೆಯ ಅಭ್ಯಾಸ ಎರಡು ನಿಮಿಷದ ಉತ್ತರ. ಇದರಲ್ಲಿ ಮೂರು ತುಂಡು. ಕೇಳಿದ ಪ್ರಶ್ನೆಗೆ ನೇರ ಉತ್ತರ ಒಂದು ವಾಕ್ಯ, ಅದರ ಹಿಂದೆ ಯೇಸುಸ್ವಾಮಿಯ ಯಾವ ಮಾತು ಅಥವಾ ಕೆಲಸ ಇದೆ ಎಂಬುದು ಮೂರು ನಾಲ್ಕು ವಾಕ್ಯ, ಅದರಿಂದ ನಮ್ಮ ಇವತ್ತಿನ ದಿನದಲ್ಲಿ ಏನು ಬದಲಾಗುತ್ತದೆ ಎಂಬುದು ಒಂದು ವಾಕ್ಯ. ಕೋಳಿ ಪದಾರ್ಥದ ಪ್ರಶ್ನೆಗೆ ಹೀಗೆ ಹೇಳಬಹುದು: “ಹಬ್ಬದ ಅಡುಗೆ ಬಿಟ್ಟು ದೇವರನ್ನು ನೆನೆಯುವ ಕಾಲ ಅಕ್ಕ ಇದು. ಯೇಸುಸ್ವಾಮಿ ಕೆಲಸ ಸುರು ಮಾಡುವ ಮೊದಲು ನಲವತ್ತು ದಿನ ಕಾಡಿನಲ್ಲಿ ಉಪವಾಸ ಇದ್ದರು. ಹಸಿವೆ ಆದಾಗ ಸೈತಾನ ಬಂದು, ಕಲ್ಲನ್ನು ರೊಟ್ಟಿ ಮಾಡು ಅಂದ. ಮನುಷ್ಯ ರೊಟ್ಟಿ ಒಂದರಿಂದಲೇ ಬದುಕುವುದಿಲ್ಲ ಅಂದರು ಅವರು. ನಾವು ಉಳಿಸಿದ ದುಡ್ಡು ಯಾರಿಗಾದರೂ ಆಗಬೇಕು, ಅದಕ್ಕೆ ಒಂದು ಡಬ್ಬಿ ಇಟ್ಟಿದ್ದೇವೆ.” ಇಷ್ಟೇ. ಫೋನಿನಲ್ಲಿ ಸಮಯ ಇಟ್ಟು ಹೇಳಿಸಿದರೆ ಮೊದಲ ಸಲ ಆರೇಳು ನಿಮಿಷ ಹೋಗುತ್ತದೆ. ಉದ್ದ ಆಗುವುದು ಎರಡು ಕಡೆ: ತಪಸ್ಸುಕಾಲದ ನಿಯಮ ಪೂರ್ತಿ ಒಪ್ಪಿಸುವಾಗ, ಮತ್ತು ಕೇಳದ ಪ್ರಶ್ನೆಗೂ ಉತ್ತರ ಸೇರಿಸುವಾಗ. ಪ್ರಶ್ನೆ ಕೋಳಿಯದ್ದಾದರೆ ಮಾತು ಶಿಲುಬೆ, ಪುನರುತ್ಥಾನ, ಕೊನೆಯ ತೀರ್ಪಿನವರೆಗೆ ಓಡಬೇಕಾಗಿಲ್ಲ. ಹುಲ್ಲಿನ ಕಟ್ಟ ತಲೆಯ ಮೇಲೆ ಭಾರ ಆಗುತ್ತಿದೆ ಎಂಬುದನ್ನು ನೋಡುವುದೂ ಉತ್ತರದ ಭಾಗ.

ಇಗರ್ಜಿಯೊಳಗೆ ಸಲೀಸಾಗಿ ನಡೆಯುವ ಮಾತುಗಳು ಹೊರಗೆ ಬೇರೆಯೇ ಅರ್ಥ ಕೊಡುತ್ತವೆ. “ಪಾಪ, ಅವರಿಗೆ ಬಸ್ಸು ತಪ್ಪಿತು” ಎನ್ನುವ ಊರಿನಲ್ಲಿ ‘ನಾವೆಲ್ಲ ಪಾಪಿಗಳು’ ಎಂದರೆ ಒಂದೋ ಕನಿಕರ ಅನಿಸುತ್ತದೆ, ಇಲ್ಲವೇ ಕೆಟ್ಟ ಬೈಗುಳ. ‘ಗೊತ್ತಿದ್ದೂ ದೇವರಿಗೆ ಬೆನ್ನು ಹಾಕುವುದು’ ಎಂದರೆ ಕೂಡಲೇ ಅರ್ಥವಾಗುತ್ತದೆ. ‘ಹೊಸ ಜನ್ಮ’ ಎಂದ ತಕ್ಷಣ, ಮುಂದಿನ ಜನ್ಮದಲ್ಲಾ ಎಂದು ಕೇಳುತ್ತಾರೆ. ಬೈಬಲಿನ ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿಯ ಹತ್ತಿರ ಬಂದ ನಿಕೊದೇಮನಿಗೂ ಇಂಥದ್ದೇ ಗೊಂದಲ, ಮುದುಕನಾದವನು ತಾಯಿಯ ಹೊಟ್ಟೆಗೆ ಮತ್ತೆ ಹೋಗುವುದು ಹೇಗೆ ಎಂದು ಅವನೂ ಕೇಳಿದ. ‘ಈ ಬದುಕಿನಲ್ಲೇ ಹೊಸದಾಗಿ ಸುರು ಮಾಡುವುದು’ ಎನ್ನುವುದು ಸ್ಪಷ್ಟ. ‘ಪವಿತ್ರಾತ್ಮ’ದಲ್ಲಿ ‘ಆತ್ಮ’ ಕೇಳಿದ ಕೂಡಲೇ ಸತ್ತವರ ನೆನಪು ಬರುತ್ತದೆ. ಮೂಲದ ಹೀಬ್ರೂ, ಗ್ರೀಕ್ ಪದಗಳಿಗೆ ಉಸಿರು, ಗಾಳಿ ಎಂಬ ಅರ್ಥವೂ ಇರುವುದರಿಂದ ‘ದೇವರ ಉಸಿರು’ ಎಂದು ಬಿಡಿಸಿ ಹೇಳಿದರೆ ತಪ್ಪಾಗುವುದಿಲ್ಲ.

ಎಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ‘ಭೂತ’ದ ವಿಷಯದಲ್ಲಿ. ಮಾರ್ಕರ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಗೋರಿಗಳ ನಡುವೆ ಇದ್ದವನಿಂದ ಯೇಸುಸ್ವಾಮಿ ಓಡಿಸಿದ್ದು ದೆವ್ವಗಳನ್ನು. ಆಡುಮಾತಿನಲ್ಲಿ ಹೇಳುವಾಗ ಬಾಯಿ ತಪ್ಪಿ ‘ಭೂತ ಬಿಡಿಸಿದರು’ ಎಂದರೆ, ನೆರೆಯವರ ಕಿವಿಗೆ ಅದು ಅವರ ಮನೆತನ ಕಾಯುವ, ವರ್ಷಕ್ಕೊಮ್ಮೆ ಕೋಲ ಕೊಡುವ ದೈವದ ಮೇಲಿನ ಮಾತಾಗಿ ಬೀಳುತ್ತದೆ. ಮುಂದಿನ ಹತ್ತು ವರ್ಷ ಅವರು ನಮ್ಮ ಯಾವ ಮಾತನ್ನೂ ಕೇಳಬೇಕಾಗಿಲ್ಲ. ‘ದೆವ್ವ’ ಅಥವಾ ‘ಕೆಟ್ಟ ಶಕ್ತಿ’ ಎಂದೇ ಹೇಳಬೇಕು. ಅವರ ದೈವದ ಬಗ್ಗೆ ನಮ್ಮ ಅಭಿಪ್ರಾಯವನ್ನು ಯಾರೂ ಕೇಳಿರುವುದಿಲ್ಲ.

ನೆರೆಯವರ ಪದವನ್ನು ಮೊದಲು ಕಲಿಯಬೇಕು ಎಂಬ ಪಾಠ ಈ ಕರಾವಳಿಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಪಂಗಡದ ಬಾಸೆಲ್ ಮಿಷನ್‌ನವರು ಮಾತಾಡುವುದಕ್ಕಿಂತ ಹೆಚ್ಚು ಕೇಳಿಸಿಕೊಂಡರು. ಅವರಲ್ಲಿ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಬಂದವು. ಎರಡೂ ಭಾಷೆ ಕೂಡುವ ಕಾಸರಗೋಡಿನಲ್ಲಿ ನಿಂತವರು ಆ ಸಹನೆಗೆ ಋಣಿಗಳು. ಕಥೋಲಿಕರಾದ ನಾವೂ ಅದನ್ನು ಬಾಯಿ ತುಂಬ ಹೇಳಬೇಕು.

ವಾದಕ್ಕಿಂತ ಕಥೆ ದೂರ ಹೋಗುತ್ತದೆ. ಲೂಕರ 15ನೇ ಅಧ್ಯಾಯದ ಇಬ್ಬರು ಮಕ್ಕಳ ಕಥೆಯನ್ನು (ಅಪ್ಪನ ಆಸ್ತಿಯ ಪಾಲು ತೆಗೆದುಕೊಂಡು ಹೋಗಿ, ಹಾಳು ಮಾಡಿ, ಮರಳಿ ಬಂದ ಕಿರಿಯ ಮಗನದ್ದು) ನಾವು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತೇವೆ. ಆದರೆ ಇಲ್ಲಿ ಅದನ್ನು ಹೇಳುವಾಗ ಮೂರು ಕಡೆ ಎಡವುತ್ತದೆ. ಒಂದು, ಕಿರಿಯ ಮಗ ಅಪ್ಪನ ಹತ್ತಿರ ಪಾಲು ಕೇಳುವಲ್ಲಿ. ಅಳಿಯಕಟ್ಟಿನ ಮನೆಗಳ ಹಿರಿಯರಿಗೆ ಆಸ್ತಿ ಎಂದರೆ ತಾಯಿಯ ಕಡೆಯದ್ದು, ಯಜಮಾನ ಎಂದರೆ ಸೋದರಮಾವ. ಅಪ್ಪನ ಹತ್ತಿರ ಪಾಲು ಕೇಳಿದ್ದರಲ್ಲಿ ಅವರಿಗೆ ಅವಮಾನ ಕಾಣುವುದಿಲ್ಲ. ಅದಕ್ಕೆ ಮೊದಲೇ, “ಅವರಲ್ಲಿ ಅಪ್ಪನ ಆಸ್ತಿ ಮಕ್ಕಳಿಗೆ, ಅದೂ ಅಪ್ಪ ತೀರಿದ ಮೇಲೆ. ಇವನು ಬದುಕಿದ್ದಾಗಲೇ ಕೇಳಿದ. ನೀವು ಯಾವಾಗ ಸಾಯುವುದು ಅಂತ ಕೇಳಿದ ಹಾಗೆ” ಎಂದು ಒಂದು ಮಾತು ಸೇರಿಸಬೇಕು. ಆಗ ಮುಖ ಬದಲಾಗುತ್ತದೆ.

ಎರಡನೆಯದು ಅಪ್ಪ ಓಡುವಲ್ಲಿ. ಇಲ್ಲಿ ಅವಸರ ಮಾಡಬಾರದು. ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ನೋಡಿದ ಎಂದರೆ ದಿನಾ ದಾರಿ ನೋಡುತ್ತಿದ್ದ ಎಂದಾಯಿತು. ಆಳುಕಾಳು ಇರುವ ಮನೆಯ ಹಿರಿಯರು ಮುಂಡು ಎತ್ತಿಕಟ್ಟಿ ಗದ್ದೆಯ ಹುಣಿಯ ಮೇಲೆ ಓಡುವುದನ್ನು ಊರು ನೋಡಿದರೆ ಏನು ಹೇಳುತ್ತದೆ? ಅಷ್ಟು ಕೇಳಿ ಸುಮ್ಮನಾಗಬೇಕು. ಮಗ ಕಲಿತು ತಂದ ಕ್ಷಮೆಯ ಮಾತು ಪೂರ್ತಿ ಆಗುವ ಮೊದಲೇ ಅಪ್ಪ ಬಟ್ಟೆ, ಉಂಗುರ, ಚಪ್ಪಲಿ ತರಲು ಹೇಳುತ್ತಾನೆ. ಕೇಳುತ್ತಿರುವ ತಾಯಂದಿರು ಇಲ್ಲಿ ಸೆರಗಿನಿಂದ ಕಣ್ಣೊರೆಸುವುದು ಅಪರೂಪವಲ್ಲ, ಕೊಲ್ಲಿಗೆ ಹೋಗಿ ಫೋನು ನಿಲ್ಲಿಸಿದ ಮಗ ಪ್ರತಿ ಊರಿನಲ್ಲೂ ಒಬ್ಬ ಇರುತ್ತಾನೆ.

ಮೂರನೆಯದು, ಮಗ ಮರಳಿ ಬಂದ ಸಂತೋಷಕ್ಕೆ ಅಪ್ಪ ಕಡಿಸಿದ ಕೊಬ್ಬಿದ ಕರು. ಭಟ್ಟರ ಮನೆಯ ಜಗಲಿಯಲ್ಲಿ ಕೂತು ‘ಕರು ಕಡಿದರು’ ಎಂದರೆ ಕಥೆ ಅಲ್ಲಿಗೇ ಮುಗಿಯಿತು, ಅಪ್ಪನ ಪ್ರೀತಿ ಆಮೇಲೆ ಯಾರಿಗೂ ಕೇಳಿಸುವುದಿಲ್ಲ. ಬಾಯಲ್ಲಿ ಹೇಳುವಾಗ ‘ಊರಿಗೆಲ್ಲ ಊಟ ಹಾಕಿಸಿದ’ ಎಂದರೆ ಸಾಕು. ಪುಸ್ತಕ ತೆರೆದು ಓದುವುದಾದರೆ ಇದ್ದದ್ದನ್ನು ಇದ್ದ ಹಾಗೆ ಓದಬೇಕು, ಆ ಕಾಲದ ಆ ದೇಶದ ಪದ್ಧತಿ ಎಂದು ಮೊದಲೇ ತಿಳಿಸಬೇಕು. ಕೊನೆಯಲ್ಲಿ ಹಿರಿಯ ಮಗ ಸಿಟ್ಟಿನಿಂದ ಅಂಗಳದಲ್ಲೇ ನಿಲ್ಲುತ್ತಾನೆ, ಅಪ್ಪ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ. “ಮತ್ತೆ ಅಣ್ಣ ಒಳಗೆ ಹೋದನಾ?” ಎಂದು ಕೇಳುತ್ತಾರೆ. ಯೇಸುಸ್ವಾಮಿ ಅದನ್ನು ಹೇಳದೆ ಬಿಟ್ಟಿದ್ದಾರೆ. ನಾವೂ ಹೇಳಬಾರದು. ಆ ಪ್ರಶ್ನೆ ಅವರ ಮನೆಗೆ ಅವರ ಜೊತೆ ಹೋಗಲಿ.

ಯೇಸುಸ್ವಾಮಿ ಹೇಳಿದ, ದಾರಿಯ ಮೇಲೂ ಕಲ್ಲು ನೆಲದ ಮೇಲೂ ಬೀಜ ಬೀಳುವ ಬಿತ್ತುವವನ ಕಥೆ ಇಲ್ಲಿ ಅರ್ಧ ಸುಲಭ, ಅರ್ಧ ಕಷ್ಟ. ನೇಜಿ ಹಾಕಿ ನಾಟಿ ಮಾಡುವವರಿಗೆ ದಾರಿಯ ಮೇಲೆಲ್ಲ ಬೀಜ ಚೆಲ್ಲುವವನು ತಲೆ ಇಲ್ಲದವನಾಗಿ ಕಾಣುತ್ತಾನೆ, ಅಲ್ಲಿ ಕೈಯಿಂದ ಬೀಸಿ ಬಿತ್ತುವ ಪದ್ಧತಿ ಎಂದು ಹೇಳಬೇಕು. ಕಲ್ಲು ನೆಲದ ಭಾಗಕ್ಕೆ ವಿವರಣೆಯೇ ಬೇಡ. ಪೊಸಡಿ ಗುಂಪೆ ಗುಡ್ಡದ ಪಾದೆಯ (ಬಂಡೆಯ) ಮೇಲೆ ಮೊದಲ ಮಳೆಗೆ ಹಸಿರಾಗುವ ಹುಲ್ಲು ಮಳೆ ನಿಂತ ಮೇಲೆ ಏನಾಗುತ್ತದೆ ಎಂದು ಕೇಳಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ.

ಕಾಯಿಲೆಯ ಮನೆಯ ವಿಷಯ ಬೇರೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎದ್ದು ಕೂರಲಾಗದ ಮಕ್ಕಳನ್ನು ಇಟ್ಟುಕೊಂಡು ತಾಯಂದಿರು ಮುದುಕಿಯರಾಗಿದ್ದಾರೆ. ವಿಷದ ವಿಷಯ ಗೊತ್ತಾಗುವ ಮೊದಲು ಇದು ದೈವದ ಕೋಪ, ಹಿರಿಯರ ದೋಷ ಎಂದು ನಂಬಿ ಕೊರಗಿದವರಿದ್ದರು. ಆ ಮನೆಗೆ ಹೋದ ಕ್ರೈಸ್ತರು ‘ನಿಮ್ಮ ಪಾಪದ ಫಲ’ ಎಂಬ ಅರ್ಥ ಬರುವ ಒಂದು ಮಾತು ಆಡಿದರೂ ಅದು ಸುಳ್ಳು ಸಾಕ್ಷಿ. ಯೊವಾನ್ನರ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಮಾಡಿದ್ದು ಇವನೋ, ಇವನ ಅಪ್ಪ ಅಮ್ಮನೋ? ಇವನೂ ಅಲ್ಲ, ಅವರೂ ಅಲ್ಲ ಎಂದರು ಯೇಸುಸ್ವಾಮಿ. ಒಬ್ಬ ತಾಯಿ “ನಾನು ಎಂತ ತಪ್ಪು ಮಾಡಿದ್ದೆ ಹೇಳಿ” ಎಂದು ಕೇಳಿದಾಗ ಕೊಡಬೇಕಾದ ಶುಭಸಂದೇಶ ಇಷ್ಟೇ. ಅದಕ್ಕೆ ಇನ್ನೊಂದು ವಾಕ್ಯ ಸೇರಿಸುವ ಅಗತ್ಯ ಇಲ್ಲ.

ಅಂಥ ಮನೆಗೆ ಹೋಗುವುದಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ಕ್ರಮ ಇದೆ. ಅಕ್ಕಿ, ಔಷಧಿ, ಡಯಾಪರ್ ಕೊಂಡುಹೋಗುವ ದಿನ ಕೈಯಲ್ಲಿ ಬೈಬಲ್ ಇರುವುದಿಲ್ಲ, ಪ್ರಾರ್ಥನೆಯ ಮಾತೂ ಎತ್ತುವುದಿಲ್ಲ. ಕೊಟ್ಟದ್ದಕ್ಕೆ ಬದಲಾಗಿ ಕೇಳಿಸಿಕೊಳ್ಳಬೇಕು ಎಂಬ ಭಾರ ಅವರ ಮೇಲೆ ಬೀಳಬಾರದು. ಪ್ರಾರ್ಥನೆ ಅವರೇ ಕೇಳಿದರೆ ಇನ್ನೊಂದು ದಿನ, ಬರಿಗೈಯಲ್ಲಿ ಹೋಗುತ್ತೇವೆ. “ಈಗ ಮಾಡಬಹುದಾ? ಯಾವ ಹೆಸರು ಹೇಳಿ ಮಾಡಬೇಕು?” ಎಂದು ಕೇಳಿ, ಕೂತಲ್ಲಿಂದಲೇ, ಅವರ ಭಾಷೆಯಲ್ಲಿ, ಒಂದು ನಿಮಿಷ ಮೀರದ ಹಾಗೆ, ಸಾಧಾರಣ ಸ್ವರದಲ್ಲಿ ಮಾಡುತ್ತೇವೆ. ಕೇಳದೆ ತಲೆಯ ಮೇಲೆ ಕೈ ಇಡುವುದಿಲ್ಲ. ‘ಗುಣ ಆಗ್ತದೆ’ ಎಂದು ಮಾತು ಕೊಡುವುದಿಲ್ಲ. ತೀರ್ಥ, ಎಣ್ಣೆ ಕೇಳಿದರೆ, ಮಾತ್ರೆ ಬಿಡಬಾರದು ಎಂದು ಅದೇ ಉಸಿರಿನಲ್ಲಿ ಹೇಳುತ್ತೇವೆ. ಗುಣವಾಗದಿದ್ದರೆ ನಂಬಿಕೆ ಸಾಲದು ಎಂದು ಅವರ ಮೇಲೆಯೇ ಹೊರಿಸುವಂಥ ಕ್ರೌರ್ಯ ಇನ್ನೊಂದಿಲ್ಲ.

ಹಬ್ಬಗಳಲ್ಲಿ ಮಾತು ತಾನಾಗಿ ಬರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮಾತೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ) ನಾವು ತೆನೆ ತರುತ್ತೇವೆ, ನೆರೆಯವರ ಮನೆಯಲ್ಲೂ ತೆನೆ ಕಟ್ಟಿ ಹೊಸಕ್ಕಿ ಊಟ ಮಾಡುವ ಪದ್ಧತಿ ಇದೆ. ನಿಮ್ಮಲ್ಲಿ ಹೇಗೆ ಎಂದು ಮೊದಲು ನಾವು ಕೇಳಿದರೆ, ನಿಮ್ಮಲ್ಲಿ ಹೇಗೆ ಎಂದು ಅವರೂ ಕೇಳುತ್ತಾರೆ. ಮಾತೆ ಮರಿಯಮ್ಮನವರು ದೇವಿಯಾ ಎಂಬ ಪ್ರಶ್ನೆ ಆ ದಿನ ಬರುವುದೇ ಹೆಚ್ಚು. ದೇವಿ ಅಲ್ಲ, ನಮ್ಮ ಹಾಗೆ ಮನುಷ್ಯರು, ದೇವರ ಮಾತಿಗೆ ಒಪ್ಪಿಕೊಂಡ ತಾಯಿ, ಕಾನಾ ಊರಿನ ಮದುವೆ ಮನೆಯಲ್ಲಿ ‘ಅವನು ಹೇಳಿದ ಹಾಗೆ ಮಾಡಿ’ ಎಂದು ಮಗನ ಕಡೆಗೆ ಕೈ ತೋರಿಸಿದವರು ಎಂದು ಹೇಳುತ್ತೇವೆ. ಕ್ರಿಸ್ಮಸ್ಸಿನ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆ ಕಳಿಸುವಾಗ ಎಡವುವುದು ಮೊಟ್ಟೆಯಲ್ಲಿ. ಸಸ್ಯಾಹಾರಿಗಳ ಮನೆಗೆ ಹೋಗಬೇಕಾದ ನೆವ್ರಿ, ತುಕ್ಡಿಯನ್ನು ಮೊಟ್ಟೆ ಸೋಕಿದ ಯಾವುದೂ ಬೀಳುವ ಮೊದಲೇ ಹೊಸ ಎಣ್ಣೆಯಲ್ಲಿ ಕರಿದು ಬೇರೆ ಡಬ್ಬಿಯಲ್ಲಿಡಬೇಕು. ಕೇಕನ್ನು ಅದೇ ತಟ್ಟೆಗೆ ಹಾಕಬಾರದು. ನಮ್ಮಲ್ಲಿ ಮಾಡಿದ್ದು ಅವರಿಗೆ ಆಗುವುದಿಲ್ಲವಾದರೆ ಕದಳಿ ಹಣ್ಣಿನ ಚಿಪ್ಪು ಕೊಟ್ಟರೆ ಅಷ್ಟೇ ಸಂತೋಷ. ಗೋದಲಿ (ಯೇಸುಸ್ವಾಮಿ ಹುಟ್ಟಿದ ಹಟ್ಟಿಯ ಮಾದರಿ) ನೋಡಲು ಬರುವ ಮಕ್ಕಳಿಗೆ, ಹಟ್ಟಿಯಲ್ಲಿ ಹುಲ್ಲಿನ ಮೇಲೆ ಮಲಗಿದ ಮಗು ಯಾರೆಂದು ಅವರ ಅಪ್ಪ ಅಮ್ಮನ ಎದುರಿನಲ್ಲೇ ಹೇಳುತ್ತೇವೆ. ಹಿರಿಯರಿಲ್ಲದಾಗ ಬೇರೆಯವರ ಮಕ್ಕಳಿಗೆ ಧರ್ಮದ ಮಾತು ಹೇಳುವುದಿಲ್ಲ.

ಮದುವೆಯ ಪೂಜೆಯಲ್ಲಿ ಇನ್ನೊಂದು ಕಷ್ಟ ಇದೆ. ಪೂಜೆಯಲ್ಲಿ ಕೊಡುವ ರೊಟ್ಟಿಗೆ ‘ಪರಮಪ್ರಸಾದ’ ಎಂಬ ಮಾತು ಕೇಳಿ ನೆರೆಯವರು ಭಕ್ತಿಯಿಂದಲೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಪ್ರಸಾದ ಬೇಡ ಎನ್ನುವುದು ಅವರ ಮರ್ಯಾದೆಯಲ್ಲಿ ಇಲ್ಲ. ಪೀಠದ ಎದುರಿಗೆ ಬಂದವರನ್ನು ಹಿಂದೆ ಕಳಿಸಿದರೆ ಆ ಅವಮಾನ ಜನ್ಮಕ್ಕೆ ಮರೆಯುವುದಿಲ್ಲ. ಮೈಕಿನ ಪ್ರಕಟಣೆಯೂ ಗಡಸಾಗಿ ಕೇಳುತ್ತದೆ. ಅದಕ್ಕೆ ನಮ್ಮವರೊಬ್ಬರು ಮೊದಲಿನಿಂದಲೇ ಅವರ ಬೆಂಚಿನಲ್ಲಿ ಕೂರಬೇಕು. “ಇದು ಬಂದವರಿಗೆಲ್ಲ ಹಂಚುವ ಪ್ರಸಾದದ ಹಾಗೆ ಅಲ್ಲ ಅಣ್ಣ. ದೀಕ್ಷಾಸ್ನಾನ ಆದವರು, ಇದು ಯೇಸುಸ್ವಾಮಿಯ ಶರೀರ ಅಂತ ನಂಬಿ ತಯಾರಾಗಿ ತಗೊಳ್ಳುವುದು. ನಾವು ಇಲ್ಲೇ ಕೂತುಕೊಳ್ಳುವ, ಊಟಕ್ಕೆ ಒಟ್ಟಿಗೆ ಹೋಗುವ” ಎಂದು ಕಿವಿಯಲ್ಲಿ ಹೇಳಿ, ಅವರ ಪಕ್ಕದಲ್ಲೇ ಉಳಿಯಬೇಕು. ಆ ದಿನ ನಾವು ಸಾಲಿನ ಕೊನೆಯಲ್ಲಿ ಹೋದರೂ ನಡೆಯುತ್ತದೆ.

ಮುಸ್ಲಿಂ ನೆರೆಯವರಿಗೆ ಈಸಾ ನಬಿ, ಮರ್ಯಮ್ ಬೀವಿ ಹೊಸ ಹೆಸರುಗಳಲ್ಲ. ಕುರಾನಿನ 19ನೇ ಅಧ್ಯಾಯಕ್ಕೆ ಮರ್ಯಮರದೇ ಹೆಸರು. ಅಲ್ಲಿಂದ ಸುರು ಮಾಡಿದರೆ ಮಾತು ಸಲೀಸು. ಶಿಲುಬೆಯ ಮರಣ ಮತ್ತು ‘ದೇವರ ಮಗ’ ಎಂಬಲ್ಲಿ ನಾವು ಬೇರೆಯಾಗುತ್ತೇವೆ. ದೇವರಿಗೆ ಹೆಂಡತಿ ಮಕ್ಕಳು ಎಂಬ ಅರ್ಥದಲ್ಲಿ ನಾವು ಆ ಮಾತು ಹೇಳುವುದಿಲ್ಲ ಎಂಬಷ್ಟನ್ನು ಸ್ಪಷ್ಟ ಮಾಡಬೇಕು, ಉಳಿದದ್ದು ಒಂದು ಸಂಜೆಯಲ್ಲಿ ಮುಗಿಯುವ ಮಾತಲ್ಲ. ಅವರ ಗ್ರಂಥದ ಬಗ್ಗೆ ವಾಟ್ಸಾಪಿನಲ್ಲಿ ಬಂದದ್ದನ್ನು ಹಿಡಿದು ಮಾತಾಡಬಾರದು.

ಇನ್ನು ಕಾನೂನು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದೆ. ತಲಪಾಡಿ ದಾಟಿದರೆ ಕರ್ನಾಟಕ. ಅಲ್ಲಿ 2022ರಲ್ಲಿ ಬಂದ ಕಾಯ್ದೆ ಉಡುಗೊರೆ, ಹಣ, ಉಚಿತ ಶಿಕ್ಷಣದ ಆಸೆ ತೋರಿಸುವುದನ್ನೂ ಆಮಿಷ ಎಂದು ಹೇಳಿತು. ನಮ್ಮ ಕಡೆಯ ರೋಗಿಗಳು ಮಂಗಳೂರಿನ ಆಸ್ಪತ್ರೆಗೇ ಹೋಗುವುದರಿಂದ ಇದು ಗೊತ್ತಿರಬೇಕು. ಕಾಯ್ದೆ ಇಲ್ಲದಿದ್ದರೂ ವಾರ್ಡಿನಲ್ಲಿ ಮಲಗಿದವರ ಕೈಗೆ ಕರಪತ್ರ ತುರುಕುವುದು ತಪ್ಪೇ, ಎದ್ದು ಹೋಗಲು ಆಗದವರಿಗೆ ಹೇಳುವುದು ಸಂಭಾಷಣೆ ಅಲ್ಲ. ಕುಟುಂಬಶ್ರೀಯ (ಮಹಿಳೆಯರ ಸ್ವಸಹಾಯ ಗುಂಪಿನ) ಸಭೆ, ಉದ್ಯೋಗ ಖಾತ್ರಿಯ ಕೆಲಸದ ಜಾಗ, ಶಾಲೆಯ ಪಿಟಿಎ ಎಲ್ಲರಿಗೂ ಸೇರಿದ ಜಾಗಗಳು. ಅಲ್ಲಿ ನಮ್ಮ ಕೆಲಸವೇ ಸಾಕ್ಷಿ. ಅಡಿಕೆ ಮಾರುವಾಗ ಒಳ್ಳೆಯ ಚಾಲಿಯ ಗೋಣಿಗೆ ಪಟೋರ (ಕಳಪೆ ಅಡಿಕೆ) ಬೆರೆಸಿದ ಕೈ ಸಂಜೆ ಬೈಬಲ್ ಬಿಡಿಸಿದರೆ, ಅಂಗಡಿಯವರಿಗೆ ಗೊತ್ತಿರುವುದು ಊರಿಗೆಲ್ಲ ಗೊತ್ತಿರುತ್ತದೆ.

ಕೇಳಿದವರಲ್ಲಿ ಹೆಚ್ಚಿನವರು ಕೇಳಿ, ತಲೆಯಾಡಿಸಿ, ತಮ್ಮ ದಾರಿಯಲ್ಲಿ ಹೋಗುತ್ತಾರೆ. ಮರುದಿನ ಅವರ ಪಂಪು ಕೆಟ್ಟರೆ ಮೊದಲಿನಂತೆಯೇ ನಮ್ಮ ಬಾವಿಯಿಂದ ಪೈಪು ಹೋಗಬೇಕು, ಅದರಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸ ಬರಬಾರದು. ಇನ್ನೂ ತಿಳಿಯಬೇಕು ಎಂದವರೊಡನೆ ಮಾರ್ಕರ ಶುಭಸಂದೇಶ ಓದುತ್ತೇವೆ, 16 ಅಧ್ಯಾಯ, ವಾರಕ್ಕೊಂದು. ಅವರ ಮನೆಯವರಿಗೆ ಗೊತ್ತಿದ್ದೇ ಓದುವುದು, ಹಗಲಿನಲ್ಲಿ, ಬಾಗಿಲು ತೆರೆದಿಟ್ಟು. ಪ್ರತಿ ಸಲ ಎರಡೇ ಪ್ರಶ್ನೆ: ಇಲ್ಲಿ ಯೇಸುಸ್ವಾಮಿ ಏನು ಮಾಡಿದರು, ನಿಮಗೆ ಎಲ್ಲಿ ಒಪ್ಪಿಗೆಯಾಗಲಿಲ್ಲ? ಎರಡನೆಯದಕ್ಕೆ ಬಂದ ಉತ್ತರವನ್ನು ತಿದ್ದಲು ಹೋಗದೆ ಬರೆದಿಟ್ಟುಕೊಳ್ಳುತ್ತೇವೆ, ಹೆಚ್ಚಿನವಕ್ಕೆ ಮುಂದಿನ ಅಧ್ಯಾಯಗಳೇ ಉತ್ತರ ಕೊಡುತ್ತವೆ.

ಅದರ ನಂತರವೂ ದೀಕ್ಷಾಸ್ನಾನ ಬೇಕು ಎಂದರೆ ಧರ್ಮಕೇಂದ್ರದ ಫಾದರ್ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಅವಸರ ಇಲ್ಲ. ದೊಡ್ಡವರ ಸಿದ್ಧತೆಗೆ ಒಂದು ವರ್ಷವಾದರೂ ಬೇಕು. ತಪಸ್ಸುಕಾಲದ ಮೊದಲ ಭಾನುವಾರ ಆಯ್ಕೆಯ ವಿಧಿ, ಮೂರು, ನಾಲ್ಕು, ಐದನೇ ಭಾನುವಾರ ಪರಿಶೋಧನೆಯ ಪ್ರಾರ್ಥನೆ, ಪಾಸ್ಕ (ಈಸ್ಟರ್) ಜಾಗರಣೆಯ ರಾತ್ರಿ ದೀಕ್ಷಾಸ್ನಾನ. ಮದುವೆಗಾಗಿ, ಸಾಲ ತೀರಿಸಲು, ಮನೆಯ ಜಗಳದ ಸಿಟ್ಟಿಗೆ ಬಂದವರು ಆ ವರ್ಷದಲ್ಲಿ ತಾವೇ ಬಿಟ್ಟು ಹೋಗುತ್ತಾರೆ, ಹೋಗಲಿ ಎಂದೇ ಅಷ್ಟು ಸಮಯ. ಉಳಿದವರು ತಮ್ಮ ತಾಯಿಗೆ ತಾವೇ ಹೇಳಬೇಕು, ಬೇರೆಯವರ ಬಾಯಿಂದ ಆ ಸುದ್ದಿ ಹೋಗಬಾರದು. ಜೊತೆಗೆ ನಿಲ್ಲುವ ಧರ್ಮತಾಯಿ, ಧರ್ಮತಂದೆಯ ಕೆಲಸ ಮೇಣದಬತ್ತಿ ಹಿಡಿದ ಆ ರಾತ್ರಿಗೆ ಮುಗಿಯುವುದಿಲ್ಲ. ಮುಂದಿನ ಭಾನುವಾರ ಕೊಂಕಣಿ ಪೂಜೆಗೆ ಬಂದ ಕನ್ನಡದವರಿಗೋ ತುಳುವಿನವರಿಗೋ ಪುಟ ಹುಡುಕಿ ಕೊಡಲು, ಪಕ್ಕದಲ್ಲಿ ಅವರೇ ಕೂತಿರಬೇಕು.